ಕೈಪಿಡಿ ಇಲ್ಲದ ಅಂಚೆಪೆಟ್ಟಿಗೆ

ಈಮೇಲಿನಲ್ಲಿ ಹೊಸದೊಂದು ಸೌಲಭ್ಯ ಬಂದರೆ ಜನ ಈಗ ಅದರ ಬಗ್ಗೆ ಓದುವ ಗೋಜಿಗೆ ಹೋಗುವುದಿಲ್ಲ, ಯೂಟ್ಯೂಬ್ ತೆರೆಯುತ್ತಾರೆ. ಓದುವ ತಾಳ್ಮೆ ಹೊರಟುಹೋಗಿದೆ ಎಂಬುದು ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಕಾರಣ. ಹೇಳಲು ಸುಲಭವಾದ ಈ ಮಾತಿಗೆ ಈಮೇಲಿನ ಚರಿತ್ರೆಯಲ್ಲಿ ಆಧಾರ ಸಿಗುವುದು ಕಷ್ಟ. ಐದು ದಶಕಗಳ ಆ ಚರಿತ್ರೆಯನ್ನು ಕಲಿಯುವವರ ಕಡೆಯಿಂದ ನೋಡಿದರೆ, ಬರವಣಿಗೆಯಲ್ಲಿ ಕಲಿಸುವ ಕೆಲಸವನ್ನು ಮೊದಲು ಕೈಬಿಟ್ಟವರು ತಯಾರಕರೇ ಎಂದು ತೋರುತ್ತದೆ. ಅವರು ಖಾಲಿ ಬಿಟ್ಟ ಜಾಗಕ್ಕೆ ವಿಡಿಯೊ ಬಂದು ಕುಳಿತದ್ದು ಎಷ್ಟೋ ವರ್ಷಗಳ ಮೇಲೆ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಆರ್ಪಾನೆಟ್ ಜಾಲದ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ಆಳಿನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಆ್ಯಟ್ ಚಿಹ್ನೆ ಇಟ್ಟಾಗ, ಈಮೇಲ್ ಕಟ್ಟುವವರೂ ಬಳಸುವವರೂ ಹೆಚ್ಚುಕಡಿಮೆ ಒಂದೇ ಜನ. ಕಲಿಸುವ ಪ್ರಶ್ನೆ ಎದ್ದದ್ದು ಅದು ಗುಮಾಸ್ತರ ಮೇಜಿಗೆ ಬಂದ ಮೇಲೆ. ವಾಷಿಂಗ್ಟನ್ ವಿಶ್ವವಿದ್ಯಾಲಯ 1989ರಲ್ಲಿ ಪೈನ್ ಎಂಬ ತಂತ್ರಾಂಶ ಕಟ್ಟಲು ಹೊರಟದ್ದು ತನ್ನ ಕಚೇರಿ ಸಿಬ್ಬಂದಿಗಾಗಿಯೇ. ಪೈನ್‌ನ ಪರದೆಯಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. ಆದರೆ ತಳದ ಎರಡು ಸಾಲುಗಳಲ್ಲಿ, ಆ ಹೊತ್ತಿಗೆ ಬೇಕಾಗುವ ಮುಖ್ಯ ಆಜ್ಞೆಗಳೆಲ್ಲ ಬರೆದಿರುತ್ತಿದ್ದವು: ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಪತ್ರ ಹೋಗುತ್ತದೆ, ಸಿ ಒತ್ತಿದರೆ ರದ್ದಾಗುತ್ತದೆ. ಪಾಠ ಪರದೆಯ ಮೇಲೆಯೇ ಇತ್ತು. 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆಯಾಗಿದ್ದ ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸಿದಾಗ, ಅಕ್ಷರವಷ್ಟೇ ಕಾಣುವ ಅಗ್ಗದ ಶೆಲ್ ಅಕೌಂಟ್ ಪಡೆದ ಎಷ್ಟೋ ಮಂದಿ ಮೊದಲು ಕಂಡದ್ದು ಈ ಪೈನನ್ನೇ. ಮರುವರ್ಷ ಜುಲೈ 4ಕ್ಕೆ ಹಾಟ್‌ಮೇಲ್ ಬಂತು. ಜಾಕ್ ಸ್ಮಿತ್ ಜೊತೆಗೂಡಿ ಅದನ್ನು ಕಟ್ಟಿದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಅದೇ ತಿಂಗಳು ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತನ್ನ ಮೊದಲ ಸೈಬರ್ ಕೆಫೆ ತೆರೆಯಿತು. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಈಮೇಲು ಡಬ್ಬಿಯಲ್ಲಿ ಬರುವ ಸರಕಲ್ಲ, ಹಾಗಾಗಿ ಅದರ ಜೊತೆ ಕೈಪಿಡಿಯೂ ಬರಲಿಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಓಡುತ್ತಿರುವಾಗ ಸೈಬರ್ ಕೆಫೆಯಲ್ಲಿ ಕೂತವರು ಪಕ್ಕದ ಕುರ್ಚಿಯವರನ್ನೋ ಕೌಂಟರಿನ ಹುಡುಗನನ್ನೋ ಕೇಳಿ ಅಟ್ಯಾಚ್‌ಮೆಂಟ್ ಹಾಕುವುದನ್ನು ಕಲಿತರು. ಒಬ್ಬರು ಮಾಡಿ ತೋರಿಸುವುದು, ಇನ್ನೊಬ್ಬರು ಇಣುಕಿ ನೋಡುವುದು. ಇಂದಿನ ವಿಡಿಯೊ ಪಾಠದ ಹಿರಿಯರನ್ನು ಹುಡುಕುವುದಾದರೆ ಇಲ್ಲಿಯೇ ಹುಡುಕಬೇಕು, ಪುಸ್ತಕದಂಗಡಿಯಲ್ಲಲ್ಲ.

2004ರ ಏಪ್ರಿಲ್ 1ರಂದು ಒಂದು ಗಿಗಾಬೈಟ್ ಜಾಗ ಕೊಡುತ್ತೇನೆಂದು ಬಂದ ಜೀಮೇಲ್ ಮೇಲಂತೂ ಐದು ವರ್ಷ, 2009ರ ಜುಲೈವರೆಗೆ, ಬೀಟಾ ಎಂಬ ಹಣೆಪಟ್ಟಿ ಇತ್ತು. ಇನ್ನೂ ಮುಗಿದಿಲ್ಲ ಎಂದು ತಾನೇ ಹೇಳಿಕೊಳ್ಳುವ ವಸ್ತುವಿಗೆ ಯಾರು ಪುಸ್ತಕ ಬರೆದಾರು? 2008ರ ಜೂನ್‌ನಲ್ಲಿ ಜೀಮೇಲ್ ಲ್ಯಾಬ್ಸ್ ಶುರುವಾದ ಮೇಲೆ ಪ್ರಯೋಗದ ಸೌಲಭ್ಯಗಳು ಒಂದೊಂದಾಗಿ ಬಂದವು, ಕೆಲವು ಉಳಿದವು, ಕೆಲವು ಸದ್ದಿಲ್ಲದೆ ಹೋದವು. ಕಳಿಸಿದ ಪತ್ರವನ್ನು ಹಿಂದಕ್ಕೆ ಪಡೆಯುವ ಅನ್‌ಡೂ ಸೆಂಡ್ ಅನ್ನೇ ನೋಡಿ. 2009ರಲ್ಲಿ ಲ್ಯಾಬ್ಸ್‌ಗೆ ಬಂದ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು 2015ರಲ್ಲಿ. ಈಗ ಅದರ ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಬೇಕಾದರೆ ಮೇಲಿನ ಮೂಲೆಯ ಹಲ್ಲುಚಕ್ರ ಒತ್ತಬೇಕು, ಎಲ್ಲ ಸೆಟ್ಟಿಂಗ್‌ಗಳ ಪುಟಕ್ಕೆ ಹೋಗಬೇಕು, ಪಟ್ಟಿಯಲ್ಲಿ 30 ಆರಿಸಬೇಕು. ಅಷ್ಟಕ್ಕೇ ಮುಗಿಯಿತೆಂದುಕೊಂಡು ಹೊರಬಂದರೆ ಏನೂ ಬದಲಾಗಿರುವುದಿಲ್ಲ, ಏಕೆಂದರೆ ಉಳಿಸುವ ಗುಂಡಿ ಇರುವುದು ಆ ಉದ್ದನೆಯ ಪುಟದ ತೀರಾ ಕೆಳಗೆ. ಬರೆದ ಸೂಚನೆಯಲ್ಲಿ ಇದು ಕೊನೆಯ ಒಂದು ವಾಕ್ಯ, ಕಣ್ತಪ್ಪಿ ಹೋಗುವಂಥದ್ದು. ವಿಡಿಯೊದಲ್ಲಿ ಬಾಣ ಜಾರಿ ಜಾರಿ ಪುಟದ ತಳಕ್ಕೆ ಹೋಗುವುದು ಕಣ್ಣಿಗೆ ಕಟ್ಟುತ್ತದೆ.

ಕಂಪನಿಗಳ ಸಹಾಯ ಪುಟಗಳು ಇಲ್ಲವೇ ಎಂದು ಕೇಳಬಹುದು. ಇವೆ, ಹಲವು ಚೆನ್ನಾಗಿಯೂ ಇವೆ. ತೊಡಕು ಅಲ್ಲಿಗೆ ತಲುಪುವುದರಲ್ಲಿದೆ. ಪತ್ರವೊಂದನ್ನು ಸೋಮವಾರ ಬೆಳಿಗ್ಗೆ ಮತ್ತೆ ಕಾಣುವಂತೆ ಮುಂದಕ್ಕೆ ಹಾಕುವ ಸೌಲಭ್ಯ 2018ರಲ್ಲಿ ಜೀಮೇಲಿಗೆ ಬಂತು. ಅದರ ಹೆಸರು ಸ್ನೂಜ್ ಎಂದು ಗೊತ್ತಿದ್ದವರಿಗೆ ಸಹಾಯ ಪುಟ ಒಂದು ಹೆಜ್ಜೆ ದೂರ, ಗೊತ್ತಿಲ್ಲದವರಿಗೆ ಅದು ಇದ್ದೂ ಇಲ್ಲ. ಹತ್ತು ಉಪಯುಕ್ತ ಸೌಲಭ್ಯಗಳು ಎಂಬ ಧಾಟಿಯ ವಿಡಿಯೊ, ಇಂಥದ್ದೊಂದು ಇದೆ ಎಂಬ ಸುದ್ದಿಯನ್ನೇ ಮೊದಲು ಮುಟ್ಟಿಸುತ್ತದೆ. ವಿಡಿಯೊ ನಿಧಾನ ಎಂಬ ಇನ್ನೊಂದು ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಅರ್ಧ ನಿಮಿಷದ ವಿಷಯಕ್ಕೆ ಎಂಟು ನಿಮಿಷ ಎಳೆದು, ಲೈಕ್ ಮಾಡಿ, ಬೆಲ್ ಒತ್ತಿ ಎಂದು ಗೋಗರೆಯುವವರಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದು ಜಾಹೀರಾತಿನ ಆದಾಯ ಕಲಿಸಿದ ಚಾಳಿ. ವಿಡಿಯೊ ಎಂದರೆ ಹೀಗೆಯೇ ಇರಬೇಕು ಎಂದೇನೂ ಇಲ್ಲ.

ಅದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ನಿಮಿಷದ ಪಾಠಗಳಲ್ಲಿ ಕಲಿಸುತ್ತದೆ. ಥಂಡರ್‌ಬರ್ಡ್ ಎಂಬ ಈಮೇಲ್ ತಂತ್ರಾಂಶವೂ ಅವುಗಳಲ್ಲೊಂದು. ರೆಕಾರ್ಡಿಂಗಿಗೆ ಮೊದಲು ಪರದೆಯಲ್ಲಿ ಏನು ಕಾಣಬೇಕು, ಅದರ ಎದುರು ಏನು ಹೇಳಬೇಕು ಎಂದು ಎರಡು ಅಂಕಣಗಳಲ್ಲಿ ಬರೆದುಕೊಳ್ಳುತ್ತಾರೆ, ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟು ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕಲಿಯುವವರು ಪರದೆಯ ಅರ್ಧದಲ್ಲಿ ಪಾಠವನ್ನು, ಇನ್ನರ್ಧದಲ್ಲಿ ತಂತ್ರಾಂಶವನ್ನು ತೆರೆದಿಟ್ಟು, ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗಬೇಕು. ಧ್ವನಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇರುತ್ತದೆ, ಪರದೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಏಕೆಂದರೆ ನಾಳೆ ಕೆಲಸಕ್ಕೆ ಸೇರಿದಾಗ ಎದುರಾಗುವ ಪರದೆ ಅದೇ. ಕನ್ನಡಾಭಿಮಾನಿಗಳಿಗೆ ಇದು ಅರೆಮನಸ್ಸಿನ ಕೆಲಸವೆಂದು ತೋರಬಹುದು. ನನ್ನ ಎಣಿಕೆಯಲ್ಲಿ ಇದು ವಿವೇಕದ ನಿರ್ಧಾರ: ಇಂಗ್ಲಿಷ್ ಪರದೆಯ ಮುಂದೆ ಕೂತ ಕನ್ನಡಿಗರಿಗೆ ಕನ್ನಡದಲ್ಲಿ ದಾರಿ ಹೇಳುವವರು ಬೇಕಿತ್ತು, ಮುದ್ರಿತ ಕೈಪಿಡಿಯ ಕಾಲದಲ್ಲಿ ಅಂಥವರು ವಿರಳ. ನೋಡಿ ಕಲಿತವರಿಗೆ ಅನುಕರಣೆ ಬಿಟ್ಟು ಬೇರೇನೂ ಬಾರದು ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಕೈಪಿಡಿಯ ಒಂದು, ಎರಡು, ಮೂರು ಎಂಬ ಹೆಜ್ಜೆಗಳೂ ಅನುಕರಣೆಯನ್ನೇ ಕೇಳುತ್ತಿದ್ದವು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪವೆಂದರೆ ವಿಡಿಯೊ ಬೇಗ ಹಳಸುತ್ತದೆ ಎಂಬುದು. 2012ರ ಅಕ್ಟೋಬರಿನಲ್ಲಿ ಜೀಮೇಲ್ ತನ್ನ ಪತ್ರ ಬರೆಯುವ ಪುಟವನ್ನು ಬಲಗಡೆಯ ತಳದ ಪುಟ್ಟ ಕಿಟಕಿಯಾಗಿ ಬದಲಿಸಿ, ಮುಂದಿನ ವರ್ಷ ಹಳೆಯದನ್ನು ತೆಗೆದೇ ಹಾಕಿತು. ಸಿಸಿ, ಬಿಸಿಸಿ ಕಣ್ಣಿಂದ ಮರೆಯಾದವು, ಅದುವರೆಗಿನ ಪಾಠಗಳು ದಾರಿ ತಪ್ಪಿಸತೊಡಗಿದವು. 2014ರಲ್ಲಿ ಬಂದ ಇನ್‌ಬಾಕ್ಸ್ ಎಂಬ ಪ್ರತ್ಯೇಕ ಆ್ಯಪ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಕಲಿಯುವವರಿಗೆ ಇದರಿಂದ ನಷ್ಟವೇ, ಒಪ್ಪಬೇಕು. ಆದರೆ ಚರಿತ್ರೆ ಬರೆಯುವವರ ಲೆಕ್ಕ ಬೇರೆ. ಪೈನ್‌ನ ಹಳೆಯ ಆವೃತ್ತಿಯನ್ನು ಇಂದಿಗೂ ಯಂತ್ರಕ್ಕೆ ಹಾಕಿ ನೋಡಬಹುದು. ಕಂಪನಿಯ ಸರ್ವರಿನಲ್ಲಿದ್ದ 2011ರ ಜೀಮೇಲನ್ನು ಹೊರಗಿನವರು ಹಾಗೆ ಎಬ್ಬಿಸಲು ಬರುವುದಿಲ್ಲ. ಅದರಲ್ಲಿ ಜನ ಹೇಗೆ ಕೆಲಸ ಮಾಡುತ್ತಿದ್ದರು, ಎಲ್ಲಿ ತಡವರಿಸುತ್ತಿದ್ದರು ಎಂಬುದು ಚಲಿಸುವ ರೂಪದಲ್ಲಿ ಉಳಿದಿರುವುದು ಹೆಚ್ಚಾಗಿ ಈ ಹಳಸಿದ ಪಾಠಗಳಲ್ಲೇ. ಆದ್ದರಿಂದ ಕನ್ನಡದಲ್ಲಿ ಇಂಥ ಪಾಠ ಮಾಡುವವರಲ್ಲಿ ಎರಡು ವಿನಂತಿ: ಮೊದಲ ಮಾತಿನಲ್ಲೇ ತಿಂಗಳು, ವರ್ಷ ಹೇಳಿಬಿಡಿ; ಹೊಸ ವಿಡಿಯೊ ಹಾಕಿದಿರೆಂದು ಹಳೆಯದನ್ನು ಅಳಿಸಬೇಡಿ.