ಹಳೆಯ ಸೈನಿಕ ಬಂದೂಕುಗಳಲ್ಲಿ ನಕಲಿ ಪತ್ತೆ

ಹಳೆಯ ಸೈನಿಕ ಬಂದೂಕುಗಳಲ್ಲಿ ನಕಲಿ ಪತ್ತೆ ಎಂದರೆ ಸಂಗ್ರಹಯೋಗ್ಯವೆಂದು ಹೇಳಲಾಗುವ ಮಸ್ಕೆಟ್, ರೈಫಲ್ ಮೊದಲಾದ ಸೇನಾ ಕೋವಿಗಳು ನಿಜವಾಗಿಯೂ ಹೇಳಿದ ಕಾಲಕ್ಕೆ, ತಯಾರಕರಿಗೆ ಮತ್ತು ಬಳಕೆದಾರರಿಗೆ ಸೇರಿದವೇ ಎಂಬುದನ್ನು ಪರೀಕ್ಷಿಸುವ ಕ್ರಮ. ಕರ್ನಾಟಕದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಶ್ರೀರಂಗಪಟ್ಟಣದ ಯುದ್ಧಗಳು, ಕೊಡಗಿನ ಕೋವಿ ಪರಂಪರೆ ಹಾಗೂ 1837ರ ಅಮರ ಸುಳ್ಯ ಬಂಡಾಯಗಳ ಹೆಸರನ್ನು ಹೊತ್ತ ಆಯುಧಗಳಿಗೆ ಬೇಡಿಕೆ ಇರುವುದರಿಂದ, ಸಾಧಾರಣ ಹಳೆಯ ಕೋವಿಗೂ ಇಂಥ ಒಂದು ಹೆಸರನ್ನು ಅಂಟಿಸುವ ಪ್ರಲೋಭನೆ ಹೆಚ್ಚು. ಪೂರ್ತಿಯಾಗಿ ಹೊಸದಾಗಿ ಮಾಡಿದ ನಕಲಿಗಿಂತ, ನಿಜವಾದ ಹಳೆಯ ವಸ್ತುವಿಗೆ ಸುಳ್ಳು ಮುದ್ರೆ ಅಥವಾ ಸುಳ್ಳು ಕಥೆ ಸೇರಿಸಿದ ನಕಲಿಯೇ ಪತ್ತೆಗೆ ಕಷ್ಟವಾದುದು.

ಹಿನ್ನೆಲೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಕೋವಿ ಇಂದಿಗೂ ಕೃಷಿಕರ ಮನೆಯ ವಸ್ತು. ಕಾಡುಹಂದಿ, ಮಂಗ ಮೊದಲಾದವುಗಳಿಂದ ಬೆಳೆ ರಕ್ಷಿಸಲು ಪರವಾನಗಿ ಪಡೆದು ಇರಿಸಿಕೊಂಡ ಕೋವಿಗಳು ಇಲ್ಲಿ ತಲೆಮಾರುಗಳಿಂದ ಕೈ ಬದಲಿಸಿವೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ತೋಟೆ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ ಎಂಬ ವಿಂಗಡಣೆ ಜನರಿಗೆ ಪರಿಚಿತ. ಪಕ್ಕದ ಕೊಡಗಿನಲ್ಲಿ ತೋಕ್ ಎಂದು ಕರೆಯಲಾಗುವ ಕೋವಿಗೆ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ ಸಲ್ಲುತ್ತದೆ. ಹೀಗೆ ಮನೆಯಲ್ಲಿ ಉಳಿದುಬಂದ ಕೋವಿಗಳಲ್ಲಿ ಕೆಲವು ಮೂಲತಃ ಸೇನೆಯವು. ಹೆಚ್ಚಿನವು ಬೇಟೆಯ ಅಥವಾ ನಾಡಕೋವಿಗಳು. ಮಾರಾಟದ ಮಾತಿನಲ್ಲಿ ಈ ಎರಡರ ನಡುವಿನ ಗೆರೆ ಬೇಗನೆ ಅಳಿಸಿಹೋಗುತ್ತದೆ.

ಮಸ್ಕೆಟ್ ಮತ್ತು ರೈಫಲ್ ಒಂದೇ ಅಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿದ್ದರೆ ಅದು ರೈಫಲ್. ಒಳಮೈ ನುಣುಪಾಗಿದ್ದರೆ ಮಸ್ಕೆಟ್. ಈ ಒಂದು ಅಂಶವೇ ಕೆಲವೊಮ್ಮೆ ನಕಲಿಯನ್ನು ಬಯಲು ಮಾಡುತ್ತದೆ, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಗೀರುಗಳುಳ್ಳ .577 ಅಂಗುಲದ ನಳಿಗೆಯದು. ಆದರೆ 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆ ಕೊಟ್ಟ, ಹೊರನೋಟಕ್ಕೆ ಅದರಂತೆಯೇ ಇರುವ ಕೋವಿಗಳ ನಳಿಗೆ ನುಣುಪಾಗಿತ್ತು. ಸಿಪಾಯಿಗಳ ಕೈಗೆ ದೂರಕ್ಕೆ ನಿಖರವಾಗಿ ಹೊಡೆಯುವ ಆಯುಧ ಸಿಗಬಾರದೆಂಬುದು ಇದರ ಉದ್ದೇಶ. ಆದ್ದರಿಂದ ಗೀರಿಲ್ಲದ ಎನ್‌ಫೀಲ್ಡ್ ಎಂದ ಮಾತ್ರಕ್ಕೆ ಅದು ನಕಲಿಯಾಗದು.

ಮುದ್ರೆಗಳು ಮತ್ತು ಕಾಲ

ಸೈನಿಕ ಕೋವಿಯ ಮೈಮೇಲೆ ಹಲವು ಮುದ್ರೆಗಳಿರುತ್ತವೆ. ಒಂದೊಂದಕ್ಕೂ ಬಳಕೆಯ ಕಾಲಮಿತಿ ಇದೆ. ನಕಲಿ ಮಾಡುವವನು ಸಾಮಾನ್ಯವಾಗಿ ಒಂದು ಆಕರ್ಷಕ ಮುದ್ರೆಯನ್ನು ಸೇರಿಸುತ್ತಾನೆ. ಉಳಿದ ಮುದ್ರೆಗಳೊಂದಿಗೆ ಅದು ಹೊಂದುವುದೇ ಎಂದು ನೋಡುವ ತಾಳ್ಮೆ ಅವನಿಗಿರುವುದಿಲ್ಲ. ಪರೀಕ್ಷಕನಿಗೆ ಅನುಕೂಲವಾಗುವುದು ಈ ಆತುರವೇ.

ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಲಾಕ್ ತಗಡಿನ ಮೇಲೆ ಆರಂಭದಲ್ಲಿ ನಾಲ್ಕು ಭಾಗವಾದ ಹೃದಯಾಕಾರದ ಗುರುತು ಇರುತ್ತಿತ್ತು. 1808ರಿಂದ ಅದರ ಸ್ಥಾನದಲ್ಲಿ ಹಿಂಗಾಲುಗಳ ಮೇಲೆ ನಿಂತ ಸಿಂಹದ ಗುರುತು ಬಂದಿತು. ಹಾಗಾಗಿ ಸಿಂಹದ ಗುರುತಿರುವ ಕೋವಿಯನ್ನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಳಸಲಾಯಿತು ಎಂದರೆ ಆ ಮಾತು ನಿಲ್ಲದು. ಬರ್ಮಿಂಗ್‌ಹ್ಯಾಮ್‌ನ ನಳಿಗೆ ಪರೀಕ್ಷಾಲಯವು ಕಾಯಿದೆಯ ಮೂಲಕ ಸ್ಥಾಪನೆಯಾದುದು 1813ರಲ್ಲಿ. ಅದರ ಮುದ್ರೆ ಹೊತ್ತ ನಳಿಗೆಯೂ ಟಿಪ್ಪುವಿನ ಕಾಲಕ್ಕೆ ಸೇರದು. ‘ಟವರ್’ ಎಂಬ ಬರಹಕ್ಕೆ ಮಾರುಕಟ್ಟೆಯಲ್ಲಿ ಸಿಗುವಷ್ಟು ಗೌರವಕ್ಕೆ ಆಧಾರವಿಲ್ಲ. ಲಂಡನ್ ಟವರ್‌ನ ಶಸ್ತ್ರಾಗಾರದ ಕೋವಿಗಳ ಮೇಲೆ ಈ ಪದವಿದ್ದುದು ನಿಜ. ಆದರೆ ವ್ಯಾಪಾರಕ್ಕೆಂದು ತಯಾರಾದ ಅಗ್ಗದ ಕೋವಿಗಳ ಮೇಲೂ ಇದೇ ಪದವನ್ನು ಒತ್ತಲಾಗುತ್ತಿತ್ತು.

ಮುದ್ರೆಯ ಅರ್ಥದಷ್ಟೇ ಮುಖ್ಯವಾದುದು ಅದು ಲೋಹದಲ್ಲಿ ಕೂತಿರುವ ಬಗೆ. ಅಚ್ಚಿನಿಂದ ಹೊಡೆದ ಹಳೆಯ ಮುದ್ರೆ ಲೋಹವನ್ನು ಬದಿಗೆ ತಳ್ಳಿರುತ್ತದೆ. ಮೇಲ್ಮೈಯೊಂದಿಗೆ ಅದೂ ಸವೆದಿರುತ್ತದೆ. ಸುತ್ತಲೂ ತುಕ್ಕು ತಿಂದ ಗುಳಿಗಳಿದ್ದು ಅಕ್ಷರಗಳು ಮಾತ್ರ ಚೂಪಾಗಿದ್ದರೆ, ಅಥವಾ ಅಕ್ಷರದ ಗೆರೆ ಗುಳಿಯೊಳಗೆ ಇಳಿದು ಮತ್ತೆ ಮೇಲೇರಿದ್ದರೆ, ತುಕ್ಕು ಹಿಡಿದ ಮೇಲೆ ಅದನ್ನು ಕೆತ್ತಲಾಗಿದೆ ಎಂದು ತಿಳಿಯಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದಕ್ಕೆ ಸಾಕು.

ಅಮರ ಸುಳ್ಯ ಬಂಡಾಯದ ಹೆಸರಿನ ಕೋವಿಗಳು

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಬಳಿಕ, ಅದಕ್ಕೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಕಂದಾಯವನ್ನು ಬೆಳೆಯ ರೂಪದ ಬದಲು ನಗದಿನಲ್ಲಿ ಕೊಡಬೇಕಾಗಿ ಬಂದದ್ದು ರೈತರ ಅಸಮಾಧಾನಕ್ಕೆ ಕಾರಣವಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ದಂಗೆಯೆದ್ದ ಜನರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ಸಾಗಿದರು. ಜನರ ಬಾಯಲ್ಲಿ ಇದು ಕಲ್ಯಾಣಪ್ಪನ ಕಾಟಕಾಯಿ.

ಈ ಬಂಡಾಯದ ಕೋವಿ ಎಂದು ಹೇಳಲಾಗುವ ವಸ್ತುವನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದುದು ಮದ್ದಿಗೆ ಕಿಡಿ ಹೊತ್ತುವ ವಿಧಾನ. ಬ್ರಿಟಿಷ್ ಸೇನೆಯಲ್ಲಿ ಕೇಪಿನ ಮಸ್ಕೆಟ್‌ಗಳು ಬಳಕೆಗೆ ಬಂದದ್ದು 1839ರ ಮಾದರಿಯಿಂದ. ಕಂಪನಿಯ ಸಿಪಾಯಿಗಳಿಗೆ ಅವು ದೊರೆತದ್ದು 1840ರ ದಶಕದಲ್ಲಿ. 1837ರಲ್ಲಿ ಸಿಪಾಯಿಗಳ ಕೈಯಲ್ಲಿದ್ದುದು ಚಕಮಕಿ ಕಲ್ಲಿನ ಕೋವಿ, ಅಂದರೆ ಬ್ರೌನ್ ಬೆಸ್ ಎಂದು ಪ್ರಸಿದ್ಧವಾದ, 39 ಅಂಗುಲ ನಳಿಗೆಯ ಇಂಡಿಯಾ ಪ್ಯಾಟರ್ನ್ ಮಸ್ಕೆಟ್ ವರ್ಗದ್ದು. ಆದ್ದರಿಂದ ಕೇಪಿಗೆಂದೇ ತಯಾರಾದ ಸೇನಾ ಮಸ್ಕೆಟ್ ಅನ್ನು ‘ಬಂಡಾಯಗಾರರು ಸಿಪಾಯಿಗಳಿಂದ ಕಸಿದದ್ದು’ ಎಂದು ವರ್ಣಿಸಿದರೆ ಕಾಲ ಹೊಂದುವುದಿಲ್ಲ.

ಇಲ್ಲೊಂದು ತೊಡಕಿದೆ. ಅನೇಕ ಚಕಮಕಿ ಕೋವಿಗಳನ್ನು ಮುಂದೆ ಕೇಪಿಗೆ ಪರಿವರ್ತಿಸಲಾಯಿತು. ಇದು ಮೋಸವಲ್ಲ, ಉಪಯೋಗಕ್ಕಾಗಿ ಮಾಡಿದ ದುರಸ್ತಿ. ಅಂಥ ಕೋವಿಯ ಲಾಕ್ ತಗಡಿನಲ್ಲಿ, ಮದ್ದಿನ ಬಟ್ಟಲು ಮತ್ತು ಅದರ ಸ್ಪ್ರಿಂಗ್ ಇದ್ದ ಕಡೆ, ಮುಚ್ಚಿದ ತಿರುಪಿನ ತೂತುಗಳು ಕಾಣುತ್ತವೆ. ಇದರ ವಿರುದ್ಧ ದಿಕ್ಕಿನ ಕೆಲಸ ಮಾತ್ರ ಸಂಶಯಾಸ್ಪದ. ಚಕಮಕಿ ಕೋವಿಗೆ ಬೆಲೆ ಹೆಚ್ಚೆಂದು, ಕೇಪಿನ ಕೋವಿಗೆ ಹೊಸದಾಗಿ ಮಾಡಿದ ಬಟ್ಟಲು ಮತ್ತು ಸುತ್ತಿಗೆಯನ್ನು ಜೋಡಿಸಿ ಹಳೆಯದಾಗಿ ತೋರಿಸಲಾಗುತ್ತದೆ. ಚಕಮಕಿಯಿಂದ ನಿಜವಾಗಿ ಗುಂಡು ಹಾರಿಸಿದ ಕೋವಿಯಲ್ಲಿ ಕಿಡಿ ಒಳಹೋಗುವ ತೂತಿನ ಸುತ್ತ ಲೋಹ ಸುಟ್ಟು ಸವೆದಿರುತ್ತದೆ. ಅಲ್ಲಿ ಸವಕಳಿಯೇ ಇಲ್ಲದೆ, ಬಟ್ಟಲಿನ ಲೋಹದ ಬಣ್ಣವೂ ತಗಡಿಗಿಂತ ಬೇರೆಯಾಗಿದ್ದರೆ ಮರುಜೋಡಣೆಯ ಶಂಕೆ ಬಲವಾಗುತ್ತದೆ. ಕುಟುಂಬದ ಕೇಪಿನ ಕೋವಿಯನ್ನು ಹೀಗೆ ‘1837ರದ್ದು’ ಮಾಡಿದಾಗ ಕೊಂಡವನು ಹಣ ಕಳೆದುಕೊಳ್ಳುತ್ತಾನೆ. ಜೊತೆಗೆ ಆ ಮನೆಯ ಕೋವಿಯ ನಿಜವಾದ ಚರಿತ್ರೆಯೂ ಅಳಿದುಹೋಗುತ್ತದೆ.

ಟಿಪ್ಪು ಸುಲ್ತಾನನ ಕೋವಿಗಳು

ಟಿಪ್ಪುವಿನ ಆಯುಧಗಳಿಗೆ ಅಂತರರಾಷ್ಟ್ರೀಯ ಹರಾಜಿನಲ್ಲಿ ಭಾರೀ ಬೆಲೆ ಇದೆ. 2023ರಲ್ಲಿ ಅವನ ಒಂದು ಖಡ್ಗ ಲಂಡನ್ನಿನಲ್ಲಿ 1.4 ಕೋಟಿ ಪೌಂಡ್ ಮೀರಿ ಮಾರಾಟವಾಯಿತು. ಹುಲಿಯ ತಲೆ ಮತ್ತು ಬಬ್ರಿ ಎಂಬ ಹುಲಿಪಟ್ಟೆಯ ವಿನ್ಯಾಸ ಅವನ ಶಸ್ತ್ರಗಳ ಪ್ರಸಿದ್ಧ ಲಕ್ಷಣಗಳು. ಪ್ರಸಿದ್ಧವಾದ ಕಾರಣಕ್ಕೇ ನಕಲಿಗಳಲ್ಲೂ ಮೊದಲು ಕಾಣುವುದು ಇವೇ. ಹೆಚ್ಚು ಉಪಯುಕ್ತವಾದುದು ಇಸವಿಯ ಪರೀಕ್ಷೆ. ಟಿಪ್ಪು 1787ರ ಸುಮಾರಿಗೆ ಮೌಲೂದಿ ಶಕೆಯನ್ನು ಜಾರಿಗೆ ತಂದನು. ಇದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆ ವರ್ಷಕ್ಕೆ 572 ಸೇರಿಸಿದರೆ ಸರಿಸುಮಾರು ಕ್ರಿಸ್ತಶಕ ದೊರೆಯುತ್ತದೆ. ಮೌಲೂದಿ 1226 ಎಂದರೆ 1798ರ ಆಸುಪಾಸು. 1230 ಎಂದು ಕೆತ್ತಿದ್ದರೆ ಅದು 1802. ಟಿಪ್ಪು ಮಡಿದದ್ದು 1799ರ ಮೇ 4ರಂದು.

ಮೂಲದ ದಾಖಲೆ ಎಂದರೇನು ಎಂಬುದಕ್ಕೆ ಹೊಸನಗರ ತಾಲ್ಲೂಕಿನ ನಗರದ ಉದಾಹರಣೆ ಸೂಕ್ತ. 2018ರಲ್ಲಿ ಅಲ್ಲಿನ ಬಾವಿಯೊಂದರಿಂದ ಮೈಸೂರು ಆಳ್ವಿಕೆಯ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ರಾಜ್ಯ ಪುರಾತತ್ವ ಇಲಾಖೆ ಹೊರತೆಗೆಯಿತು. ಸಿಕ್ಕ ಜಾಗ, ತೆಗೆದವರು, ಸೇರಿದ ಸಂಗ್ರಹ ಎಲ್ಲವೂ ಇಲ್ಲಿ ದಾಖಲಾಗಿವೆ. ‘ಅಜ್ಜ ಹೇಳುತ್ತಿದ್ದರು’ ಎಂಬ ಮಾತು ಹುಡುಕಾಟಕ್ಕೆ ಆರಂಭವಾಗಬಹುದು, ಆದರೆ ಇಂಥ ದಾಖಲೆಗೆ ಸಮನಾಗದು.

ಗಡಿನಾಡಿನ ನಕಲು ಮತ್ತು ಇತರ ಬಗೆಗಳು

ಪೇಶಾವರದ ಸಮೀಪದ ದರ್ರಾ ಆದಮ್ ಖೇಲ್‌ನ ಕುಶಲಿಗಳು ಮಾರ್ಟಿನಿ-ಹೆನ್ರಿ ಮತ್ತು ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಕೈಯಿಂದಲೇ ನಕಲು ಮಾಡಿದ್ದಾರೆ. ಮುದ್ರೆಯನ್ನು ಓದದೆ ಚಿತ್ರದಂತೆ ನಕಲಿಸಿದ್ದರಿಂದ ಕಾಗುಣಿತ ತಪ್ಪುತ್ತದೆ. ಇಂಗ್ಲಿಷಿನ ‘ಎನ್’ ಅಕ್ಷರ ತಿರುಗಿ ಕೂರುತ್ತದೆ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಮುದ್ರೆಯ ಕೆಳಗೆ ಅನಂತರದ ಇಸವಿ ಕಾಣುವುದೂ ಉಂಟು. ನೇಪಾಳದ ಗಹೇಂದ್ರ ರೈಫಲ್ ಹೊರನೋಟಕ್ಕೆ ಮಾರ್ಟಿನಿಯನ್ನು ಹೋಲುತ್ತದೆ. ಅದು ನಕಲಿಯಲ್ಲ, ಬೇರೆಯೇ ಮಾದರಿ.

ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಸಂಖ್ಯೆಗಳ ಹೊಂದಾಣಿಕೆ ಮುಖ್ಯ. ನಳಿಗೆ, ಬೋಲ್ಟ್ ಮೊದಲಾದ ಭಾಗಗಳ ಮೇಲಿನ ಸಂಖ್ಯೆ ಒಂದೇ ಇರಬೇಕು. ಸೇನೆಯ ದುರಸ್ತಿಯಲ್ಲೂ ಭಾಗಗಳು ಬದಲಾಗುತ್ತಿದ್ದವು. ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ಹೊಸದನ್ನು ಒತ್ತಿದ್ದರೆ ಅದು ದುರಸ್ತಿಯೋ ವಂಚನೆಯೋ ಎಂಬುದನ್ನು ಇತರ ಗುರುತುಗಳಿಂದ ತೀರ್ಮಾನಿಸಬೇಕಾಗುತ್ತದೆ. ಯುದ್ಧಗಳ ಮರುಪ್ರದರ್ಶನ ತಂಡಗಳಿಗಾಗಿ ಭಾರತದಲ್ಲಿ ತಯಾರಾಗುವ ಬ್ರೌನ್ ಬೆಸ್ ಪ್ರತಿಕೃತಿಗಳು ಪ್ರಾಮಾಣಿಕ ವಸ್ತುಗಳೇ. ಅವನ್ನು ಆಮ್ಲದಿಂದ ತುಕ್ಕು ಹಿಡಿಸಿ ಮಾರಿದಾಗ ಮಾತ್ರ ನಕಲಿಯಾಗುತ್ತವೆ. ಆಮ್ಲದ ತುಕ್ಕು ಎಲ್ಲ ಕಡೆ ಒಂದೇ ಸಮನಾಗಿ, ಕೈ ಮುಟ್ಟದ ಮೂಲೆಗಳಲ್ಲೂ ಹಬ್ಬಿರುತ್ತದೆ. ಮರದ ಭಾಗವನ್ನು ಕಳಚಿದಾಗ ಒಳಗೆ ಹೊಸ ಮರದ ಬಣ್ಣ, ಯಂತ್ರದ ಗರಗಸದ ಗೆರೆ ಅಥವಾ ವೆಲ್ಡಿಂಗ್ ಗುರುತು ಕಂಡರೂ ಇದೇ ತೀರ್ಮಾನ.

ಪರೀಕ್ಷೆಗೆ ಮುನ್ನ ಉಜ್ಜಿ ಹೊಳಪು ಬರಿಸುವುದು ಸಾಮಾನ್ಯವಾದ ಹಾನಿ. ಮರಳುಕಾಗದ ತಾಗಿದ ಮೇಲೆ ಮಸುಕಾದ ಮುದ್ರೆಗಳು ಮರಳಿ ಬರುವುದಿಲ್ಲ, ಅಸಲಿಯೆಂದು ಸಾಧಿಸುವ ಪುರಾವೆಯೂ ಅದರೊಂದಿಗೆ ಹೋಗುತ್ತದೆ. ಗುಂಡು ಹಾರಿಸಿ ಅಸಲಿತನ ನೋಡುವುದಂತೂ ಪ್ರಾಣಾಪಾಯಕಾರಿ; ಹಳೆಯ ನಳಿಗೆ ಒಡೆಯಬಹುದು, ಬಾಯಿಯಿಂದ ತುಂಬುವ ಕೋವಿಯಲ್ಲಿ ಹಿಂದೆಂದೋ ತುಂಬಿದ ಮದ್ದು ಉಳಿದಿರಲೂಬಹುದು.

ಕಾನೂನು

1959ರ ಆಯುಧ ಕಾಯಿದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು ಎಂಬುದು ಅದರ ಷರತ್ತು. ‘ಪುರಾತನ ವಸ್ತು, ಪರವಾನಗಿ ಬೇಡ’ ಎಂಬ ಮಾರಾಟಗಾರನ ಮಾತು ಈ ಷರತ್ತನ್ನು ಮರೆಮಾಚುತ್ತದೆ. ನಕಲಿ ವಸ್ತು ಹೊಸದಾಗಿ ಮಾಡಿದ, ಗುಂಡು ಹಾರಿಸಬಲ್ಲ ನಾಡಕೋವಿಯಾಗಿದ್ದರೆ ಕೊಂಡವನು ಪರವಾನಗಿಯಿಲ್ಲದ ಬಂದೂಕನ್ನು ಹೊಂದಿದಂತಾಗುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಅದು ಗಡಿಯಾಚೆಯ ಸುಳ್ಯ, ಪುತ್ತೂರಿನ ಇತರ ನಿವಾಸಿಗಳಿಗೆ ಅನ್ವಯಿಸದು. ನೂರು ವರ್ಷ ಮೀರಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯಿದೆ ನಿಷೇಧಿಸಿದೆ.