ಹಳೆಯ ಪೋಸ್ಟರಿನ ಬಣ್ಣದಲ್ಲಿ ಮುಕ್ತ ತಂತ್ರಾಂಶ

1998ರ ಜನವರಿ 22ರಂದು ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡುವುದಾಗಿ ಘೋಷಿಸಿತು. ಮಾರ್ಚ್ 31ರಂದು ತೆರೆದೂ ಇಟ್ಟಿತು. ಆ ಕೋಡನ್ನು ಬೆಳೆಸಲು ಹುಟ್ಟಿದ ಮೊಜಿಲ್ಲಾ ಯೋಜನೆಗೆ ಲಾಂಛನ ರಚಿಸಿಕೊಟ್ಟವರು ಬೀದಿ ಗೋಡೆಗಳ ಕಲಾವಿದ ಶೆಪರ್ಡ್ ಫೇರಿ. ಕೆಂಪು ಡೈನೋಸಾರ್, ನಕ್ಷತ್ರ, ದಪ್ಪ ಅಕ್ಷರಗಳ ಆ ಶೈಲಿ 1920ರ ದಶಕದ ಸೋವಿಯತ್ ಪೋಸ್ಟರುಗಳನ್ನು ತಟ್ಟನೆ ನೆನಪಿಸುತ್ತಿತ್ತು. ಆಮೇಲೂ, ಹೀಗೆ ಕೋಡನ್ನು ತೆರೆದಿಡುವ ಮುಕ್ತ ತಂತ್ರಾಂಶದ ಬಳಗ ತನ್ನ ಹೊಚ್ಚಹೊಸ ಕೆಲಸವನ್ನು ಹಳೆಯ ಜಾಹೀರಾತಿನ ಶೈಲಿಯಲ್ಲಿ ಜನರ ಮುಂದಿಡುತ್ತಲೇ ಬಂದಿದೆ. ಇದನ್ನು ಬರೀ ಗತಕಾಲದ ಹಂಬಲ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಆ ಹಳೆಯ ಪೋಸ್ಟರುಗಳು ಯಾವುದಕ್ಕಾಗಿ ಹುಟ್ಟಿದವು, ಹೇಗೆ ತಯಾರಾದವು ಎಂಬುದನ್ನು ನೋಡಿದರೆ ಈ ನಂಟಿಗೆ ಗಟ್ಟಿಯಾದ ಕಾರಣವೇ ಸಿಗುತ್ತದೆ.

ಸೋವಿಯತ್ ಕಲಾವಿದ ಅಲೆಕ್ಸಾಂಡರ್ ರಾಡ್ಚೆಂಕೊ 1924ರಲ್ಲಿ ಲೆನಿನ್‌ಗ್ರಾಡಿನ ಸರ್ಕಾರಿ ಪ್ರಕಾಶನಕ್ಕೆ ಮಾಡಿದ ಪೋಸ್ಟರನ್ನೇ ತೆಗೆದುಕೊಳ್ಳಿ. ತಲೆಗೆ ವಸ್ತ್ರ ಕಟ್ಟಿದ ಲಿಲ್ಯಾ ಬ್ರಿಕ್ ಎಂಬ ಮಹಿಳೆ ಬಾಯಿಯ ಬಳಿ ಕೈಯಿಟ್ಟು ಕೂಗುತ್ತಿದ್ದಾರೆ. ಬಾಯಿಂದ ಹೊರಟ ಅಕ್ಷರಗಳು ದೂರ ಹೋದಂತೆ ದೊಡ್ಡದಾಗುತ್ತವೆ. ಆಕೆ ಕೂಗಿ ಸಾರುತ್ತಿರುವುದು ಪುಸ್ತಕಗಳ ಸುದ್ದಿಯನ್ನು. ಕವಿ ಮಾಯಕೋವ್‌ಸ್ಕಿ ಜೊತೆಗೂಡಿ ರಾಡ್ಚೆಂಕೊ ಸರ್ಕಾರಿ ಅಂಗಡಿಗಳಿಗೂ ಜಾಹೀರಾತು ಮಾಡಿದರು. ಮುಂದಿನ ದಶಕದಲ್ಲಿ, ಆರ್ಥಿಕ ಕುಸಿತದ ಅಮೆರಿಕದಲ್ಲಿ, ನಿರುದ್ಯೋಗಿ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು ಪೋಸ್ಟರ್ ಮಾಡಿಸಿತು. 1935ರಿಂದ 1943ರವರೆಗೆ ನಡೆದ ಆ ಯೋಜನೆಯಲ್ಲಿ ಸುಮಾರು 35,000 ವಿನ್ಯಾಸಗಳ 20 ಲಕ್ಷ ಪ್ರತಿಗಳು ಅಚ್ಚಾದವು ಎಂಬ ಅಂದಾಜಿದೆ. ಅವು ಸಾರಿದ್ದು ಆರೋಗ್ಯ ತಪಾಸಣೆ, ಉಚಿತ ನಾಟಕ, ಗ್ರಂಥಾಲಯ, ರಾಷ್ಟ್ರೀಯ ಉದ್ಯಾನಗಳನ್ನು. ಎರಡೂ ಕಡೆ ಪೋಸ್ಟರಿನ ಮುಖ್ಯ ಕೆಲಸ ಒಂದೇ ಆಗಿತ್ತು: ಇದು ಎಲ್ಲರಿಗೂ ಸೇರಿದ್ದು, ಬಂದು ಬಳಸಿ ಎಂದು ಕರೆಯುವುದು. ಉಚಿತವಾಗಿ ಸಿಗುವ, ಸಾವಿರಾರು ಜನ ಸೇರಿ ಕಟ್ಟಿದ, ಕಣ್ಣಿಗೆ ಕಾಣದ ತಂತ್ರಾಂಶವೂ ಹೇಳಬೇಕಾಗಿರುವುದು ಇದನ್ನೇ.

ತಯಾರಿಕೆಯಲ್ಲೂ ಹೋಲಿಕೆಯಿದೆ. ಅಮೆರಿಕದ ಯೋಜನೆಯಲ್ಲಿ ಆಂಥೊನಿ ವೆಲೊನಿಸ್ ಮುಂತಾದವರು ಬೆಳೆಸಿದ ವಿಧಾನ ಸಿಲ್ಕ್ ಸ್ಕ್ರೀನ್ ಮುದ್ರಣ. ಅದರಲ್ಲಿ ಒಂದೊಂದು ಬಣ್ಣಕ್ಕೂ ಬೇರೆಯೇ ಸ್ಕ್ರೀನ್ ಬೇಕು. ಬಣ್ಣ ಹೆಚ್ಚಿದಷ್ಟೂ ಕೆಲಸ, ಖರ್ಚು ಎರಡೂ ಹೆಚ್ಚು. ಹಾಗಾಗಿ ಕಲಾವಿದರು ಛಾಯೆಗಳನ್ನು ಬಿಟ್ಟು, ನಾಲ್ಕಾರು ಸಪಾಟು ಬಣ್ಣಗಳಲ್ಲಿ, ದೊಡ್ಡ ಆಕಾರಗಳಲ್ಲಿ ಯೋಚಿಸಿದರು. ಹಾಗೆಯೇ, 2003ರಲ್ಲಿ ಶುರುವಾದ ಇಂಕ್‌ಸ್ಕೇಪಿನಂಥ ಮುಕ್ತ ತಂತ್ರಾಂಶಗಳು ಚಿತ್ರವನ್ನು ರೇಖೆ ಮತ್ತು ಆಕಾರಗಳಾಗಿ ಉಳಿಸುತ್ತವೆ. ಸಪಾಟು ಬಣ್ಣದ ಪೋಸ್ಟರ್ ಅವಕ್ಕೆ ಹೇಳಿ ಮಾಡಿಸಿದಂತಿದೆ. ಒಬ್ಬರು ರಚಿಸಿದ್ದನ್ನು ಇನ್ನೊಬ್ಬರು ತೆರೆದು, ಬಣ್ಣ ಬದಲಿಸಿ, ಅಕ್ಷರ ತಿದ್ದಿ ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು. ಹಣವಿಲ್ಲದ ಬಳಗಕ್ಕೆ ಈ ಶೈಲಿ ಒಗ್ಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ಶೈಲಿಯ ಬಳಕೆಗೆ ಗಂಭೀರವಾದ ಆಕ್ಷೇಪವೊಂದಿದೆ. ಸೋವಿಯತ್ ಪೋಸ್ಟರ್ ಆಳುವವರ ದನಿಯೂ ಆಗಿತ್ತು. ಆ ಶೈಲಿಯನ್ನು ಕಟ್ಟಿದ ಪ್ರಮುಖರಲ್ಲಿ ಒಬ್ಬರಾದ ಗುಸ್ತಾವ್ ಕ್ಲುಟ್ಸಿಸ್ ಅವರನ್ನು 1938ರಲ್ಲಿ ಅದೇ ಪ್ರಭುತ್ವ ಕೊಂದುಹಾಕಿತು. ಸ್ವಾತಂತ್ರ್ಯದ ಮಾತಾಡುವ ತಂತ್ರಾಂಶಕ್ಕೆ ಇಂಥ ಚರಿತ್ರೆಯ ನೆರಳು ಬೇಕೇ? ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಕೆಂಪು ನಕ್ಷತ್ರವನ್ನು ಬರೀ ಚೆಂದಕ್ಕಾಗಿ ಅಂಟಿಸುವುದು ಸತ್ತವರಿಗೆ ಮಾಡುವ ಅಗೌರವ. ಆದರೆ ಕರ್ಣರೇಖೆ, ಸಪಾಟು ಬಣ್ಣ, ಕೂಗುವ ಅಕ್ಷರ ಯಾವ ಪ್ರಭುತ್ವದ ಸ್ವತ್ತೂ ಅಲ್ಲ. ಅವು ಕಲಾವಿದರ ಗಳಿಕೆ. ಜೊತೆಗೆ, ಆಳುವವರ ಪೋಸ್ಟರ್ ಒಬ್ಬ ನಾಯಕನ ಮುಖವನ್ನು ಹಿಗ್ಗಿಸಿದರೆ, ಮುಕ್ತ ತಂತ್ರಾಂಶದ ಅತಿ ಪ್ರಸಿದ್ಧ ಜಾಹೀರಾತು ಮಾಡಿದ್ದು ತದ್ವಿರುದ್ಧ. 2004ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್‌ನ ಎರಡು ಪುಟ ತುಂಬಿದ, ಮೊಜಿಲ್ಲಾದ ಫೈರ್‌ಫಾಕ್ಸ್ ಬ್ರೌಸರಿನ ಜಾಹೀರಾತಿನಲ್ಲಿ, ಅದಕ್ಕೆ ದುಡ್ಡು ಕೊಟ್ಟ ಸಾವಿರಾರು ಸಾಮಾನ್ಯರ ಹೆಸರುಗಳಿದ್ದವು.

ಎರಡನೆಯ ಆಕ್ಷೇಪ, ಇಂಥ ಹಳೆಯ ಶೈಲಿಗಳನ್ನು ದೊಡ್ಡ ಕಂಪನಿಗಳೂ ಎತ್ತಿಕೊಳ್ಳುತ್ತವೆ ಎಂಬುದು. ನಿಜ. 2001ರಲ್ಲಿ ಐಬಿಎಂ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಪ್ರಚಾರಕ್ಕಾಗಿ 1960ರ ದಶಕದಲ್ಲಿ ಜನಪ್ರಿಯವಾಗಿದ್ದ ಶಾಂತಿ ಚಿಹ್ನೆ, ಒಂದು ಹೃದಯ ಮತ್ತು ಲಿನಕ್ಸ್ ಲಾಂಛನವಾದ ಪೆಂಗ್ವಿನ್ನನ್ನು ಸ್ಯಾನ್ ಫ್ರಾನ್ಸಿಸ್ಕೊ ಹಾಗೂ ಶಿಕಾಗೊ ಪಾದಚಾರಿ ಮಾರ್ಗಗಳ ಮೇಲೆ ಮೂಡಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಆಡಳಿತಕ್ಕೆ ಕಂಪನಿ ಒಂದು ಲಕ್ಷ ಡಾಲರ್ ದಂಡ ತೆರಬೇಕಾಯಿತು. ಎಲ್ಲರ ನೆಲದಲ್ಲಿ ಅಪ್ಪಣೆಯಿಲ್ಲದೆ ಬರೆದದ್ದು ತಪ್ಪೇ. ಆದರೆ ಆ ಪೆಂಗ್ವಿನ್ ಬಳಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 1996ರಲ್ಲಿ ಲ್ಯಾರಿ ಎವಿಂಗ್ ಅದನ್ನು ಗಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಬಿಡಿಸಿ, ತನ್ನ ಹೆಸರು ಮತ್ತು ಗಿಂಪ್ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟುಕೊಟ್ಟಿದ್ದರು. ಕಂಪನಿ ಬಳಸಿದ್ದರಿಂದ ಪೆಂಗ್ವಿನ್ ಬೇರೆಯವರ ಕೈತಪ್ಪಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಅದೇ ಶೆಪರ್ಡ್ ಫೇರಿ 2008ರಲ್ಲಿ ಸುದ್ದಿಸಂಸ್ಥೆಯೊಂದರ ಫೋಟೊ ಆಧರಿಸಿ ಬರಾಕ್ ಒಬಾಮ ಅವರ ಪೋಸ್ಟರ್ ಮಾಡಿದಾಗ ವಿವಾದ ಕೋರ್ಟಿನ ಮೆಟ್ಟಿಲೇರಿ, 2011ರವರೆಗೆ ಎಳೆಯಿತು.

ಹಳೆಯ ಶೈಲಿ ಅಲಂಕಾರವೋ ಆಶಯವೋ ಎಂಬುದನ್ನು ತೀರ್ಮಾನಿಸುವುದು ಪೆಂಗ್ವಿನ್ನಿಗೆ ಸಿಕ್ಕಂಥ, ಬಳಸಿ ತಿದ್ದಲು ಬಿಡುವ ಪರವಾನಗಿಯೇ. ಮುಕ್ತ ತಂತ್ರಾಂಶವನ್ನು ಸಾರುವ ಪೋಸ್ಟರನ್ನು ಬೇರೆಯವರು ತಿದ್ದುವಂತಿಲ್ಲ ಎಂದಾದರೆ, ಅದು ಎಷ್ಟೇ ಸೊಗಸಾಗಿದ್ದರೂ ತನ್ನ ಮಾತಿಗೆ ತಾನೇ ತಪ್ಪಿದಂತೆ. ಸ್ವಯಂಸೇವಕರ ದುಡಿಮೆಯಿಂದ ಫೈರ್‌ಫಾಕ್ಸ್ ಕನ್ನಡದಲ್ಲೂ ಸಿಗುತ್ತಿದೆ. ಲೋಹಿತ್, ಬಾಲೂ ತಮ್ಮ ಮುಂತಾದ ಮುಕ್ತ ಕನ್ನಡ ಫಾಂಟುಗಳೂ ಇವೆ. ಫೈರ್‌ಫಾಕ್ಸ್‌ನ ಪೋಸ್ಟರ್ ಕೂಡ ಕನ್ನಡಕ್ಕೆ ಬರಬೇಕಾದರೆ ರಚಿಸಿದವರು ಮೂಲ ಕಡತವನ್ನು ಬಿಟ್ಟುಕೊಟ್ಟಿರಬೇಕು. ಪೋಸ್ಟರ್ ಮಾಡುವವರಲ್ಲಿ ಕೇಳುವುದಿಷ್ಟೇ: ಕಡತವನ್ನು ಹಂಚಿರಿ, ದುಡಿದವರ ಹೆಸರು ಹಾಕಿರಿ, ಪರವಾನಗಿಯನ್ನು ಪೋಸ್ಟರಿನ ಮೇಲೆಯೇ ಅಚ್ಚು ಮಾಡಿರಿ.