ರಾಮನಾಥನನ್ನು ಯಾರಾದ್ರೂ ನೋಡಿದ್ರಾ?

ಈ ಸಲ ಯುಗಾದಿಗೆ ಸಾಲಗುಂದಕ್ಕೆ ಹೋಗಿದ್ದೆ. ಮಧ್ಯಾಹ್ನ ಹೋಳಿಗೆ ತಿಂದು ಅಡ್ಡಾಗಿದ್ದಾಗ ಟಿವಿಯಲ್ಲಿ 'ಆಪ್ತಮಿತ್ರ' ಬರ್ತಾ ಇತ್ತು. ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ :) 'ರಾ ರಾ' ಹಾಡು ಶುರುವಾಯ್ತು. ಎಲ್ಲರ ಕಣ್ಣು ಸೌಂದರ್ಯ ಮೇಲೆ. ಅವ್ವ ಮಾತ್ರ, "ತಮ್ಮಾ, ಇಕಿ ಜೋಡಿ ಕುಣಿಯಾಕತ್ತಾನಲ್ಲ, ಇವ ನಮ್ಮ ಶರೀಫಜ್ಜ ಅಲ್ಲೇನೋ?" ಅಂದಳು.

ಹೌದಲ್ಲ! 1990ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ 'ಸಂತ ಶಿಶುನಾಳ ಶರೀಫ' ಚಿತ್ರದ ಶರೀಫ, ಶ್ರೀಧರ್. ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿದ್ದರು, ಸಿ. ಅಶ್ವಥ್ ಸಂಗೀತ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಪಡೆದ ಚಿತ್ರ ಅದು. ಅಂಥಾ ನಾಯಕನಟ ಇಲ್ಲಿ ಒಂದು ಹಾಡಿನಲ್ಲಿ ಬಂದು ಹೋಗುವ ರಾಮನಾಥ. ಚಿಕ್ಕಂದಿನಿಂದ ನೋಡಿದ್ದರೂ ನನಗೆ ಹೊಳೆದಿರಲೇ ಇಲ್ಲ.

ಈ ರಾಮನಾಥನ ಹುಟ್ಟು ಕನ್ನಡದಲ್ಲಲ್ಲ. 1993ರಲ್ಲಿ ಫಾಜಿಲ್ ಮಲಯಾಳಂನಲ್ಲಿ 'ಮಣಿಚಿತ್ರತ್ತಾಳ್' ಮಾಡಿದರು. ಕಥೆ ಮಧು ಮುಟ್ಟಂ ಅವರದು. ಕೇರಳದ ಆಲುಮ್ಮೂಟ್ಟಿಲ್ ಮನೆತನದಲ್ಲಿ ಹಿಂದೆ ನಡೆದ ದುರಂತವೊಂದು ಇದಕ್ಕೆ ಪ್ರೇರಣೆ ಅನ್ನುತ್ತಾರೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಯೂ ಅವಳೊಂದಿಗೆ ಕುಣಿದವರು ಇದೇ ಶ್ರೀಧರ್! ಮಲಯಾಳಂ ಚಿತ್ರಕ್ಕೆ ಹೋದ ಕನ್ನಡದ ಭರತನಾಟ್ಯ ಕಲಾವಿದ, ಹನ್ನೊಂದು ವರ್ಷದ ನಂತರ ಅದೇ ಪಾತ್ರ ಹೊತ್ತು ಕನ್ನಡಕ್ಕೆ ಬಂದರು.

ಪಿ. ವಾಸು ನಿರ್ದೇಶನದ, ದ್ವಾರಕೀಶ್ ನಿರ್ಮಾಣದ 'ಆಪ್ತಮಿತ್ರ' ತೆರೆಗೆ ಬಂದದ್ದು ಆಗಸ್ಟ್ 2004ರಲ್ಲಿ. ಅದಕ್ಕೆ ನಾಲ್ಕು ತಿಂಗಳ ಮೊದಲು, ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಫೆಬ್ರವರಿ 2010ರಲ್ಲಿ 'ಆಪ್ತರಕ್ಷಕ' ಬರುವಷ್ಟರಲ್ಲಿ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಹೋಗಿದ್ದರು. ಜನ ನಾಗವಲ್ಲಿಯ ಶಾಪ ಅಂತ ಮಾತಾಡಿದರು. ನಮ್ಮೂರ ಕಟ್ಟೆಯ ಮೇಲೂ ಅದೇ ಮಾತು.

ನನಗೀಗ ಅನ್ನಿಸೋದು ಬೇರೆ. ಮಲಯಾಳಂನ ನಾಗವಲ್ಲಿ ತಮಿಳು ಮಾತಾಡ್ತಾಳೆ, ನಮ್ಮವಳು ತೆಲುಗು. ದೆವ್ವಕ್ಕೆ ಯಾವಾಗಲೂ ಪಕ್ಕದ ರಾಜ್ಯದ ಭಾಷೆ! ತುಂಗಭದ್ರಾ ನಾಲೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಸಿಂಧನೂರಿನ ಸುತ್ತ ತುಂಬಾ ಇವೆ. ತೆಲುಗು ಕೇಳುತ್ತಲೇ ಬೆಳೆದ ನಮಗೆ ಆ ಹಾಡು ಹೆದರಿಕೆ ಹುಟ್ಟಿಸಲಿಲ್ಲ, ಅವಳು ಯಾರನ್ನೋ ಕರೀತಿದ್ದಾಳೆ ಅನ್ನೋದು ಮಾತ್ರ ಅರ್ಥ ಆಗ್ತಿತ್ತು. ಅವಳು ಕರೀತಿದ್ದದ್ದು ರಾಮನಾಥನನ್ನು. ರಾಜ ಕೊಂದದ್ದು ಅವನನ್ನೂ ಹೌದು. ಆದರೆ ಸೇಡು ನಾಗವಲ್ಲಿಗೆ, ಗತ್ತು ರಾಜನಿಗೆ, ಗೆಲುವು ಡಾಕ್ಟರಿಗೆ. ರಾಮನಾಥನಿಗೆ ದೆವ್ವ ಆಗುವ ಭಾಗ್ಯವೂ ಇಲ್ಲ.

ನಮ್ಮ ಸೋದರಮಾವ ಊರ ಬಯಲಾಟದಲ್ಲಿ ವರ್ಷಾನುಗಟ್ಟಲೆ ದೂತನ ವೇಷ ಹಾಕಿದವನು. ರಾಜನ ಮುಂದೆ ಬಂದು ಎರಡು ಮಾತು ಹೇಳಿ ಹೋಗೋದು, ಅಷ್ಟೇ. ಅವನು ಹೋಗಿ ನಾಲ್ಕು ವರ್ಷ ಆಯ್ತು. ಮನೆಯಲ್ಲಿ ಹಳೆಯದೊಂದು ಹ್ಯಾಂಡ್‌ಬಿಲ್ ಇದೆ. ರಾಜ, ರಾಣಿ, ಸಾರಥಿ, ಮದ್ದಳೆಯವರು, ಎಲ್ಲರ ಹೆಸರೂ ಉಂಟು. ಕೊನೆಗೆ "ಇತರರು". ಅವ್ವ ಅದನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. "ಈ ಇತರರು ಅಂದ್ರ ನಮ್ಮಣ್ಣ" ಅಂತಾಳೆ.

ಎಲ್ಲರೂ ಸೌಂದರ್ಯ ಕಡೆ ನೋಡುವಾಗ ಅವಳ ಕಣ್ಣು ಪಕ್ಕದವನ ಮೇಲೆ ಯಾಕೆ ಹೋಯ್ತು ಅಂತ ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ತಿಳಿಯಿತು. ಮುಂದಿನ ಸಲ 'ರಾ ರಾ' ಬಂದರೆ ನೀವೂ ಒಮ್ಮೆ ಆ ಕಡೆ ನೋಡಿ.